ರಾಗಿಯ ತವರು, ಹುರುಳಿಯ ತವರು

ಹಿಂದಿನ ಸಂಚಿಕೆಯ ಲೇಖನವೊಂದರಲ್ಲಿ ರಾಗಿ ಆಫ್ರಿಕದಿಂದ ಬಂದ ಬೆಳೆ ಎಂಬ ಮಾತಿತ್ತು. ಅದನ್ನು ಓದಿ ಸಿಟ್ಟಾದ ತುಮಕೂರು ಜಿಲ್ಲೆಯ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ರಾಗಿ ಅನಾದಿಕಾಲದಿಂದ ನಮ್ಮದೇ. ಅದನ್ನು ಹೋಲುವ ಹುಲ್ಲು ಇಂದಿಗೂ ನಮ್ಮ ಬದುಗಳಲ್ಲಿ ತಾನಾಗಿ ಬೆಳೆಯುತ್ತದೆ. ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ರಾಮನಿಂದಲೇ ಅದಕ್ಕೆ ಮನ್ನಣೆ ಕೊಡಿಸಿದ್ದಾರೆ. ಪರದೇಶದ ವಿದ್ವಾಂಸರ ಮಾತಿಗೆ ತಲೆಯಾಡಿಸುವುದನ್ನು ಬಿಟ್ಟು ಪತ್ರಿಕೆ ತಿದ್ದುಪಡಿ ಪ್ರಕಟಿಸಬೇಕು ಎಂಬುದು ಅವರ ವಾದ.

ಮಾನ್ಯರೇ, ರಾಗಿಯ ಮೇಲಿನ ನಿಮ್ಮ ಅಭಿಮಾನ ನನಗೂ ಇದೆ. ಸಾವಿರಾರು ವರ್ಷ ನಮ್ಮ ರೈತರು ಕೈಯಾರೆ ಆರಿಸಿ, ಬಿತ್ತಿ, ಉಳಿಸಿಕೊಂಡು ಬಂದ ತಳಿಗಳು ನಮ್ಮವೇ ಸರಿ. ಆದರೆ ಹದಿನಾರನೆಯ ಶತಮಾನದ ಕಾವ್ಯ ಆ ಕಾಲದಲ್ಲಿ ರಾಗಿಗೆ ಇದ್ದ ಮಾನವನ್ನು ತಿಳಿಸುತ್ತದೆಯೇ ಹೊರತು ಅದರ ಹುಟ್ಟೂರನ್ನಲ್ಲ. ಬದುವಿನ ಹುಲ್ಲಿನ ವಿಚಾರಕ್ಕೆ ಬಂದರೆ, ಅದು ರಾಗಿಯ ದಾಯಾದಿ ನಿಜ. ಆದರೆ ಅದರಲ್ಲಿ ವರ್ಣತಂತುಗಳು (ಜೀವಕೋಶದೊಳಗೆ ವಂಶಗುಣಗಳನ್ನು ಹೊತ್ತ ಎಳೆಗಳು) 18, ರಾಗಿಯಲ್ಲಿ 36. ಅಷ್ಟೇ ವರ್ಣತಂತುಗಳಿರುವ, ರಾಗಿಯ ನೇರ ಪೂರ್ವಜವಾದ ಕಾಡುಹುಲ್ಲಿನ ನೆಲೆ ಪೂರ್ವ ಆಫ್ರಿಕದ ಎತ್ತರದ ನಾಡುಗಳು. ನಮ್ಮ ಉತ್ಖನನಗಳಲ್ಲಿ ಮೊದಲು ರಾಗಿಯೆಂದು ಗುರುತಿಸಿದ್ದ ಸುಟ್ಟ ಕಾಳುಗಳಲ್ಲಿ ಅನೇಕವು ಮರುಪರೀಕ್ಷೆಯಲ್ಲಿ ಬೇರೆ ಕಿರುಧಾನ್ಯಗಳೆಂದು ತಿಳಿದುಬಂದಿವೆ. ಆದ್ದರಿಂದ ತಿದ್ದುಪಡಿ ಇಲ್ಲ.

ನನ್ನ ಬೇಸರ ಬೇರೆಯೇ ಇದೆ. ತವರಿಲ್ಲದ ಬೆಳೆಗೆ ಇಲ್ಲಿ ತವರು ಹುಡುಕಲು ಇಷ್ಟು ಪುಟ ಬರೆದ ನೀವು, ನಿಜವಾಗಿ ಈ ನೆಲದಲ್ಲೇ ಬೆಳೆಯಾದ ಹುರುಳಿಯ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ.

ಬಳ್ಳಾರಿಯ ಹೊರವಲಯದಲ್ಲಿ ಸಂಗನಕಲ್ಲು ಎಂಬ ಊರಿದೆ. ಅಲ್ಲಿನ ಬೆಟ್ಟಗಳ ಮೇಲೆ ನಾಲ್ಕು ಸಾವಿರ ವರ್ಷಗಳ ಹಿಂದೆ ದನ ಕಾಯುತ್ತ, ಕಲ್ಲಿನ ಕೊಡಲಿ ಮಾಡುತ್ತ, ಬಂಡೆಯ ಮೇಲೆ ಧಾನ್ಯ ಅರೆಯುತ್ತ ಜನ ಬದುಕಿದ್ದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ರವಿ ಕೋರಿಶೆಟ್ಟರ್ ಮತ್ತು ಲಂಡನ್ನಿನ ಪ್ರಾಚೀನ ಸಸ್ಯಾವಶೇಷಗಳ ತಜ್ಞ ಡೋರಿಯನ್ ಫುಲ್ಲರ್ ಮೊದಲಾದವರು ಅಂಥ ನೆಲೆಗಳ ಮಣ್ಣನ್ನು ನೀರಿಗೆ ಹಾಕಿ ಕಲಕಿದರು. ಮಣ್ಣು ತಳಕ್ಕಿಳಿಯುತ್ತದೆ, ಇದ್ದಿಲಾದ ಕಾಳುಗಳು ತೇಲುತ್ತವೆ. ಅವನ್ನು ಸಣ್ಣ ಕಣ್ಣಿನ ಜಾಲರಿಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಹಾಗೆ ತೇಲಿಬಂದವುಗಳಲ್ಲಿ ಮುಖ್ಯವಾದವು ಹುರುಳಿ, ಹೆಸರು, ಕೊರಲೆ ಎಂಬ ಕಿರುಧಾನ್ಯ, ಜೊತೆಗೆ ನವಣೆಯ ಜಾತಿಯ ಒಂದು ಹುಲ್ಲುಧಾನ್ಯ. ನಾಲ್ಕೂ ಮುಂಗಾರನ್ನು ನಂಬಿದ ಬೆಳೆಗಳು. ವಾಯವ್ಯದಿಂದ ಗೋಧಿ, ಬಾರ್ಲಿ ಬಂದದ್ದು ಆಮೇಲೆ, ಅದೂ ಸ್ವಲ್ಪ.

2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನನಗೆ ಬಹಳ ಪ್ರಿಯವಾದುದು. ಕಾಡುಹುರುಳಿಯ ಸಿಪ್ಪೆ ದಪ್ಪ. ನೀರು ಬೇಗ ಒಳಗಿಳಿಯದು, ಬಿದ್ದ ಬೀಜಗಳೆಲ್ಲ ಒಟ್ಟಿಗೆ ಮೊಳೆಯವು. ಮನುಷ್ಯ ಬಿತ್ತಿ ಕೊಯ್ದು, ಕೊಯ್ದದ್ದನ್ನೇ ಮತ್ತೆ ಬಿತ್ತುತ್ತ ಹೋದಾಗ, ಮಳೆ ಬಿದ್ದೊಡನೆ ಮೊಳೆಯುವ ತೆಳುಸಿಪ್ಪೆಯ ಕಾಳುಗಳೇ ಕಣಜದಲ್ಲಿ ಹೆಚ್ಚುತ್ತವೆ. ಚಾರ್ಲೀನ್ ಮರ್ಫಿ ಮತ್ತು ಫುಲ್ಲರ್ ಪ್ರಾಚೀನ ಹುರುಳಿಕಾಳುಗಳನ್ನು ಒಡೆಯದೆ, ಪ್ರಬಲ ಕ್ಷಕಿರಣದಿಂದ ಅವುಗಳ ಸಿಪ್ಪೆಯನ್ನು ಅಳೆದು, ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ಅದು ತೆಳುವಾಗಿದ್ದನ್ನು ತೋರಿಸಿದರು. ಹೆಸರು ಗೊತ್ತಿಲ್ಲದ ಎಷ್ಟೋ ತಲೆಮಾರುಗಳ ಬೇಸಾಯದ ಗುರುತು ಒಂದು ಕಾಳಿನ ಸಿಪ್ಪೆಯಲ್ಲಿ ಉಳಿದಿದೆ.

ಈಗ ಹೇಳಿ, ಈ ವಿದ್ವಾಂಸರನ್ನು ಏನು ಮಾಡೋಣ? ಬಳ್ಳಾರಿಯ ಬಯಲು ಯಾರಿಂದಲೋ ಬೇಸಾಯ ಕಲಿತ ನಾಡಲ್ಲ, ತನ್ನದೇ ಬೆಳೆಗಳನ್ನು ಪಳಗಿಸಿದ ನಾಡು ಎಂದು ವಾದಿಸಿದವರೂ, ರಾಗಿ ಆಫ್ರಿಕದ್ದು ಎಂದವರೂ ಒಬ್ಬರೇ. ಹಳೆಯ ಕಾಳುಗಳನ್ನು ಪರೀಕ್ಷಿಸಲು ಎರಡಕ್ಕೂ ಅವರು ಬಳಸಿದ ವಿಧಾನವೂ ಒಂದೇ. ಅದನ್ನು ನಂಬದಿದ್ದರೆ ರಾಗಿಯ ಜೊತೆಗೆ ಹುರುಳಿಯ ಹಕ್ಕನ್ನೂ ಬಿಟ್ಟುಕೊಡಬೇಕಾಗುತ್ತದೆ. ಉತ್ತರ ಕರ್ನಾಟಕದ ಜೋಳ, ಸಜ್ಜೆ ಕೂಡ ಆಫ್ರಿಕದಿಂದ ಬಂದವು. ಬ್ಯಾಡಗಿ ಮೆಣಸಿನಕಾಯಿಯ ಮೂಲ ಅಮೆರಿಕ. ಮುದ್ದೆ ಮತ್ತು ಹುರುಳಿಕಾಳಿನ ಸಾರು ಒಂದೇ ತಟ್ಟೆಗೆ ಬಂದಾಗ, ಮುದ್ದೆ ನೆಂಟ, ಸಾರು ಮನೆಮಗಳು. ನಾವು ನೆಂಟನಿಗೆ ಮಣೆ ಹಾಕಿ ಮನೆಮಗಳನ್ನು ಕೊಟ್ಟಿಗೆಗೆ ಕಳಿಸಿದ್ದೇವೆ. ಈಚೆಗೆ ಸಿರಿಧಾನ್ಯ ಮೇಳವೊಂದರ ಮಳಿಗೆಯಲ್ಲಿ ಹುರುಳಿ ಇದೆಯೇ ಎಂದು ಕೇಳಿದ್ದಕ್ಕೆ, "ಅದು ದನಕ್ಕೆ ಬೇಯಿಸೋದಲ್ವಾ ಸಾರ್?" ಎಂದ ಹುಡುಗ, ದಕ್ಷಿಣ ಅಮೆರಿಕದ ಕ್ವಿನೋವಾ ಪೊಟ್ಟಣವನ್ನು ಮುಂದೆ ಚಾಚಿದ. ಅವನನ್ನು ದೂರಿ ಫಲವಿಲ್ಲ. ಹರಪ್ಪ, ಮೊಹೆಂಜೊದಾರೊಗಳನ್ನು ಬಾಯಿಪಾಠ ಮಾಡಿಸುವ ನಮ್ಮ ಶಾಲೆಗಳಲ್ಲಿ ಸಂಗನಕಲ್ಲಿನ ಹೆಸರು ಕೇಳಿದ ಮಕ್ಕಳು ಎಷ್ಟಿದ್ದಾರು? ಆ ಬೆಟ್ಟಗಳ ಸುತ್ತ ಗ್ರಾನೈಟ್‌ಗಾಗಿ ಬಂಡೆ ಒಡೆದರು. ಸಗಣಿ ಸುಟ್ಟು ಉಂಟಾದ ಆ ಕಾಲದ ಬೂದಿದಿಬ್ಬಗಳನ್ನು ಅಗೆದು ಗೊಬ್ಬರವೆಂದು ಹೊಲಕ್ಕೆ ಹೇರಿದರು. ರೈತನಿಗೆ ಅದು ಬೂದಿ, ಅವನ ತಪ್ಪಿಲ್ಲ. ತಿಳಿಸಿ ಹೇಳಬೇಕಾದವರು ಸುಮ್ಮನಿದ್ದರು. ಬಳ್ಳಾರಿಯಲ್ಲಿ ಬ್ರಿಟಿಷ್ ಕಾಲದ ಭೂವಿಜ್ಞಾನಿ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವಾದರೂ ಇದೆ. ಹಂಪಿಗೆ ಹೋಗುವವರು ದಾರಿಯಲ್ಲಿ ಇಳಿದು ನೋಡಲಿ.

ನಿಮ್ಮ ಪತ್ರದ ಕೊನೆಯಲ್ಲಿ, ವಾದಕ್ಕೆ ಸಂಬಂಧವಿಲ್ಲವೆಂಬಂತೆ ಬರೆದ ಒಂದು ಸಾಲಿದೆ: ನಿಮ್ಮ ಮನೆಯವರು ಹುಣಸೆಮರದ ನೆರಳಿನಲ್ಲಿ ಈಗಲೂ ಒಂದಿಷ್ಟು ಕೊರಲೆ ಬಿತ್ತುತ್ತಾರಂತೆ. ಸಂಗನಕಲ್ಲಿನ ಜನ ಉಂಡ ಅದೇ ಕೊರಲೆ. ಯಾವ ಮಳೆಗೆ ಬಿತ್ತುತ್ತೀರಿ, ಸಿಪ್ಪೆ ಹೇಗೆ ತೆಗೆಯುತ್ತೀರಿ, ಬೀಜವನ್ನು ಯಾರು ಎತ್ತಿಡುತ್ತಾರೆ ಎಂಬುದನ್ನು ವಿವರವಾಗಿ ಬರೆದು ಕಳಿಸಿ. ರಾಗಿಯ ಪತ್ರದಷ್ಟೇ ಉದ್ದವಿದ್ದರೂ ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇವೆ.

– ಸಂ.