ಸೋರಿಯಾಸಿಸ್: ತಪ್ಪು ಅವರೆಕಾಯಿಯದಲ್ಲ

ನೀವು ಕೇಳಿರುವುದು ಮೂರು ಪ್ರಶ್ನೆ. ತಂದೆಗಿದ್ದ ಸೋರಿಯಾಸಿಸ್ ಈಗ ನಿಮ್ಮ ಮೊಣಕೈಯಲ್ಲೂ ಕಾಣಿಸಿಕೊಂಡಿದೆ, ಇದು ಏಕೆ ಬರುತ್ತದೆ? ಬದನೆಕಾಯಿ, ಅವರೆಕಾಯಿ ಬಿಟ್ಟರೆ ತಡೆಯಬಹುದೇ? ಎರಡು ವರ್ಷದ ಮಗಳಿಗೆ ಅಂಟುತ್ತದೆಯೇ? ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಅಂಟುವುದಿಲ್ಲ. ಮುಟ್ಟಿದರೆ, ಒಂದೇ ಟವೆಲಿನಲ್ಲಿ ಒರೆಸಿಕೊಂಡರೆ, ಒಂದೇ ತಟ್ಟೆಯಲ್ಲಿ ಉಂಡರೆ, ಯಾವುದರಿಂದಲೂ ಅಂಟುವುದಿಲ್ಲ. ಹೆದರಿಕೊಂಡು ಮಗಳನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದೇನೆ ಎಂದು ಬರೆದಿದ್ದೀರಲ್ಲ, ಓದಿ ಸಂಕಟವಾಯಿತು. ಮೊದಲು ಹೋಗಿ ಎತ್ತಿಕೊಳ್ಳಿ, ಉಳಿದದ್ದನ್ನು ಆಮೇಲೆ ಓದಿ.

ನಾನು ವೈದ್ಯನಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕವೊಂದರಲ್ಲಿ ಲೆಕ್ಕ ಬರೆಯುವವನು. ಈ ಕಾಯಿಲೆಯ ಜೊತೆ ಹದಿನೇಳು ವರ್ಷ ಸಂಸಾರ ಮಾಡಿದ್ದೇನೆ. ಮೊದಲು ಬಂದದ್ದು ನಿಮ್ಮ ಹಾಗೆ ಮೊಣಕೈಗೇ: ರೂಪಾಯಿ ಅಗಲದ ಕೆಂಪು ಮಚ್ಚೆ, ಮೇಲೆ ಬೆಳ್ಳಗೆ ಮೀನಿನ ಪೊರೆಯಂಥ ಹೊಟ್ಟು. ಅದು ಡಿಸೆಂಬರ್ ತಿಂಗಳು. ನಮ್ಮ ಕಡೆ ಡಿಸೆಂಬರ್ ಎಂದರೆ ಅವರೆಕಾಯಿ. ಮನೆಯವರೆಲ್ಲ ಸೇರಿ ಅಂದೇ ತೀರ್ಪು ಕೊಟ್ಟರು: ಅವರೆಕಾಯಿ ನಂಜು, ಬಿಡು.

ಬಿಟ್ಟೆ. ನಾಲ್ಕು ವರ್ಷ ಬಿಟ್ಟೆ. ಸೊಗಡಿನ ಕಾಯಿಯ ಘಮ ಬೀದಿಯುದ್ದಕ್ಕೂ ಹರಡಿರುವಾಗ, ಮನೆಯಲ್ಲಿ ಹಿತಕಿದ ಬೇಳೆಯ ಸಾರು ಕುದಿಯುತ್ತಿರುವಾಗ, ಮಜ್ಜಿಗೆ ಅನ್ನ ಉಂಡು ಎದ್ದು ಹೋಗುವುದು ಎಂಥ ಶಿಕ್ಷೆ ಎಂದು ನಮ್ಮ ಜಿಲ್ಲೆಯವರಿಗಷ್ಟೇ ಗೊತ್ತು. ಆದರೂ ಕಾಯಿಲೆ ಪ್ರತಿ ಡಿಸೆಂಬರಿನಲ್ಲೂ ತಪ್ಪದೆ ಹಾಜರಾಗುತ್ತಿತ್ತು. ಕೊನೆಗೆ ಚರ್ಮರೋಗದ ವೈದ್ಯೆಯೊಬ್ಬರು ಕೇಳಿದರು: ‘ಅವರೆಕಾಯಿಯ ಜೊತೆಗೆ ಆ ತಿಂಗಳು ಇನ್ನೇನು ಬರುತ್ತದೆ?’

ಚಳಿ ಬರುತ್ತದೆ. ಒಣ ಗಾಳಿ ಬರುತ್ತದೆ. ಬೆಳಗಿನ ಮಂಜು, ತುಂಬು ತೋಳಿನ ಸ್ವೆಟರ್, ಅದರಿಂದಾಗಿ ಮೈಗೆ ಬಿಸಿಲು ಕಡಿಮೆ. ಹಂಡೆಯಲ್ಲಿ ಕೊತಕೊತ ಕುದಿದ ನೀರಿನ ಸ್ನಾನ ಬೇರೆ. ಚಳಿ, ಒಣ ಗಾಳಿ, ಸುಡುನೀರು ಚರ್ಮವನ್ನು ಒಣಗಿಸುತ್ತವೆ. ಒಣಗಿದ, ಬಿಸಿಲು ಕಾಣದ ಚರ್ಮದಲ್ಲಿ ಸೋರಿಯಾಸಿಸ್ ಕೆರಳುತ್ತದೆ. ಒಂದೇ ತಾರೀಖಿನಲ್ಲಿ ಎರಡು ಬಾಬ್ತು ಬರೆದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಎನ್ನಲಾಗದು. ಲೆಕ್ಕ ಬರೆಯುವ ನನಗೇ ಇದು ಹೊಳೆಯಲು ನಾಲ್ಕು ವರ್ಷ ಬೇಕಾಯಿತು.

ಈಗ ಕಾರಣಕ್ಕೆ ಬರೋಣ. ಆರೋಗ್ಯವಂತರ ಚರ್ಮದಲ್ಲಿ ತಳದಲ್ಲಿ ಹುಟ್ಟಿದ ಕಣ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್ ಇರುವ ಜಾಗದಲ್ಲಿ ಅದೇ ಕೆಲಸ ಮೂರರಿಂದ ಐದು ದಿನದಲ್ಲಿ ಮುಗಿಯುತ್ತದೆ. ಬಲಿಯದ ಕಣಗಳು ಒಂದರ ಮೇಲೊಂದು ಪೇರಿಕೊಂಡು ಹೊಟ್ಟಾಗುತ್ತವೆ. ರೇಷ್ಮೆ ಹುಳುವಿಗೆ ಪೊರೆ ಬಿಡುವ ಜ್ವರ ನಾಲ್ಕೇ ಸಲ, ನನ್ನ ಮೊಣಕೈಗೆ ವರ್ಷವಿಡೀ ಜ್ವರ ಎಂದು ಘಟಕದಲ್ಲಿ ತಮಾಷೆ ಮಾಡುತ್ತಿದ್ದೆ. ಈ ಅವಸರಕ್ಕೆ ಕಾರಣ ರಕ್ತ ಕೆಟ್ಟಿರುವುದಲ್ಲ, ಕೊಳಕೂ ಅಲ್ಲ. ಸೋಂಕಿನೊಡನೆ ಹೋರಾಡಬೇಕಾದ ಟಿ ಕಣಗಳು ಇಲ್ಲದ ಶತ್ರುವನ್ನು ಕಲ್ಪಿಸಿಕೊಂಡು ಚರ್ಮದಲ್ಲಿ ಉರಿಯೂತ ಎಬ್ಬಿಸುತ್ತವೆ. ಆ ಸ್ವಭಾವ ವಂಶವಾಹಿಗಳಲ್ಲಿ ಬರುತ್ತದೆ. ಆದರೆ ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದರೂ ಹೆಚ್ಚಿನ ಮಕ್ಕಳಿಗೆ ಇದು ಬರುವುದೇ ಇಲ್ಲ. ಮಗಳ ಬಗ್ಗೆ ಯೋಚಿಸುವಾಗ ಇದು ನೆನಪಿರಲಿ.

ಸ್ವಭಾವ ಒಳಗಿರುತ್ತದೆ, ಕೆರಳಿಸುವುದು ಹೊರಗಿನದು. ಗಾಯ ಅಂಥದ್ದೊಂದು. ಒಮ್ಮೆ ಹಿಪ್ಪುನೇರಳೆ ತೋಟದಲ್ಲಿ ಕತ್ತರಿಸಿದ ಕಡ್ಡಿಯೊಂದು ಕಣಕಾಲಿಗೆ ಉದ್ದಕ್ಕೆ ಗೀರಿತು. ಗಾಯ ಮಾಯಿತು, ಎರಡು ವಾರಕ್ಕೆ ಅದೇ ಗೆರೆಯ ಮೇಲೆ, ಅಡಿಕೋಲು ಇಟ್ಟು ಎಳೆದಂತೆ, ಸೋರಿಯಾಸಿಸ್ ಎದ್ದಿತು. 19ನೇ ಶತಮಾನದ ಜರ್ಮನ್ ವೈದ್ಯ ಕೋಬ್ನರ್ ಇದನ್ನು ಗುರುತಿಸಿದ್ದರಿಂದ ಅವರ ಹೆಸರೇ ಇದಕ್ಕಿದೆ. ಹೊಟ್ಟನ್ನು ಉಗುರಿನಿಂದ ಕೀಳುವುದು, ತೆಂಗಿನ ನಾರಿನಿಂದ ಉಜ್ಜುವುದು ಕೂಡ ಗಾಯವೇ. ಮೇಜಿಗೆ ಮೊಣಕೈ ಊರಿ ಬರೆಯುವ ಅಭ್ಯಾಸವನ್ನೂ ನಾನು ಬಿಡಬೇಕಾಯಿತು.

ಗಂಟಲು ನೋವು ಇನ್ನೊಂದು. ಗಂಟಲಿಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಾದ ಎರಡು ಮೂರು ವಾರಕ್ಕೆ ಮಕ್ಕಳ, ಹರೆಯದವರ ಮೈಮೇಲೆ ಮಳೆಹನಿ ಸಿಡಿದಂತೆ ಸಣ್ಣ ಮಚ್ಚೆಗಳು ಏಳಬಹುದು. ಬೀಡಿ ಸಿಗರೇಟು, ಮದ್ಯ, ಹೆಚ್ಚಿದ ತೂಕ, ನಿದ್ದೆಗೆಟ್ಟ ಚಿಂತೆ, ಇವುಗಳ ಬಗ್ಗೆ ಎಲ್ಲರೂ ಹೇಳುತ್ತಾರೆ, ನಿಜವೂ ಹೌದು. ಬೇರೆ ಕಾಯಿಲೆಯ ಮಾತ್ರೆಗಳೂ ಕೆರಳಿಸಬಹುದು: ರಕ್ತದೊತ್ತಡಕ್ಕೆ, ಹೃದಯಕ್ಕೆ ಕೊಡುವ ಕೆಲವು ಬೀಟಾ ಬ್ಲಾಕರ್‌ಗಳು, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಮಲೇರಿಯಾದ ಕ್ಲೋರೊಕ್ವಿನ್. ಹಾಗೆಂದು ನೀವೇ ನಿಲ್ಲಿಸಬೇಡಿ; ಬರೆದುಕೊಟ್ಟ ವೈದ್ಯರಿಗೆ ನಿಮಗೆ ಸೋರಿಯಾಸಿಸ್ ಇದೆ ಎಂದು ತಿಳಿಸಿ.

ನಾನು ನಿಜವಾಗಿ ಪೆಟ್ಟು ತಿಂದದ್ದು ಬೇರೆ ಕಡೆ. ಪಕ್ಕದ ಊರಿನಲ್ಲಿ ಒಬ್ಬರು ಪೊಟ್ಟಣದಲ್ಲಿ ಪುಡಿ, ಜೊತೆಗೆ ಹೆಸರಿಲ್ಲದ ಬಿಳಿ ಮಾತ್ರೆ ಕೊಡುತ್ತಿದ್ದರು. ಹತ್ತೇ ದಿನಕ್ಕೆ ಮೈ ಕನ್ನಡಿಯಂತಾಯಿತು. ತಂಗಿಯ ಮದುವೆಗೆ ಎಷ್ಟೋ ವರ್ಷದ ಮೇಲೆ ಅರ್ಧ ತೋಳಿನ ಅಂಗಿ ಹಾಕಿದೆ. ವಾಸಿಯಾಯಿತಲ್ಲ ಎಂದು ಎರಡು ತಿಂಗಳಿಗೆ ನಿಲ್ಲಿಸಿದೆ. ಮೂರನೇ ವಾರಕ್ಕೆ ಬೆನ್ನು, ಹೊಟ್ಟೆ, ತೊಡೆ ಎಲ್ಲ ಕೆಂಪಗಾಗಿ ಚಳಿ ಹಿಡಿಯಿತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದೆ. ಅದು ಸ್ಟೀರಾಯ್ಡ್ ಆಗಿದ್ದಿರಬೇಕು ಎಂದರು ಅಲ್ಲಿಯ ವೈದ್ಯರು. ಸ್ಟೀರಾಯ್ಡ್ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಸೋರಿಯಾಸಿಸ್ ಮೈಯೆಲ್ಲ ಕೆಂಪಾಗಿ ಅಥವಾ ಕೀವುಗುಳ್ಳೆಗಳಾಗಿ ತಿರುಗಿ ಬೀಳಬಹುದು, ಪ್ರಾಣಕ್ಕೂ ಕುತ್ತು ತರಬಹುದು. ನೀವೂ ಅಂಥದ್ದೇನಾದರೂ ನುಂಗುತ್ತಿದ್ದರೆ ಪೊಟ್ಟಣ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ.

ಎಲ್ಲಕ್ಕೂ ಮುಂಚೆ ಇದು ಸೋರಿಯಾಸಿಸ್ಸೇ ಎಂದು ಚರ್ಮರೋಗದ ವೈದ್ಯರಲ್ಲಿ ಖಾತರಿ ಮಾಡಿಕೊಳ್ಳಿ. ಹುಳುಕಡ್ಡಿ, ಇಸಬು, ಇದು, ಮೂರೂ ಬೇರೆ. ಔಷಧದಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಹುಳುಕಡ್ಡಿ ಇನ್ನಷ್ಟು ಹರಡುತ್ತದೆ. ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಕುಳಿಗಳಿದ್ದರೆ, ಬೆಳಗ್ಗೆ ಎದ್ದಾಗ ಬೆರಳುಗಳು ಮಡಚಲಾಗದೆ ಬಿಗಿದುಕೊಂಡಿದ್ದರೆ ಅದನ್ನು ಖಂಡಿತ ಹೇಳಿ. ಈ ಕಾಯಿಲೆ ಕೆಲವರಲ್ಲಿ ಕೀಲುಗಳಿಗೂ ಇಳಿಯುತ್ತದೆ, ತಡ ಮಾಡಿದರೆ ಬೆರಳು ಸೊಟ್ಟಗಾಗಬಹುದು. ಕಾಯಿಲೆ ಜೋರಾಗಿದ್ದಾಗ ಕೊಡುವ ಮೆಥೊಟ್ರೆಕ್ಸೇಟ್ ಬರೆದುಕೊಟ್ಟರೆ ಅದು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳುವ ಮಾತ್ರೆ. ಮರೆತು ದಿನವೂ ನುಂಗಿದರೆ ವಿಷ.

ವಿದುರಾಶ್ವತ್ಥದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿ ಎಂದು ನಿಮಗೂ ಯಾರಾದರೂ ಹೇಳಿರಬೇಕು. ನನ್ನ ತಾಯಿ ಮಾಡಿಸಿದರು. ಆ ಮೇಲೆ ಅವರಿಗೆ ರಾತ್ರಿ ನಿದ್ದೆ ಬಂತು, ಅವರ ಅಳು ನಿಂತ ಮೇಲೆ ನನಗೂ ಬಂತು. ತಕರಾರೇನಿಲ್ಲ, ಮುಲಾಮು ಮಾತ್ರ ಬಿಡಬೇಡಿ.

ಬೇರುಸಹಿತ ಬಾರದಂತೆ ಮಾಡುವ ಉಪಾಯ ಸದ್ಯಕ್ಕೆ ಯಾರ ಬಳಿಯೂ ಇಲ್ಲ. ಇದೆ ಎನ್ನುವವರ ಜಾಹೀರಾತು ನಂಬಬೇಡಿ. ಸುಮ್ಮನಿರುವ ಅವಧಿಯನ್ನು ಉದ್ದ ಮಾಡಬಹುದು. ನಾನು ನವೆಂಬರಿನಿಂದಲೇ ಉಗುರುಬೆಚ್ಚಗಿನ ನೀರಿಗೆ ಬದಲಾಗುತ್ತೇನೆ, ಸ್ನಾನವಾದ ಕೂಡಲೇ ಮೈ ತೇವವಿರುವಾಗಲೇ ಪೆಟ್ರೋಲಿಯಂ ಜೆಲ್ಲಿ ಅಥವಾ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಬೆಳಗಿನ ಎಳೆ ಬಿಸಿಲಿಗೆ ಸ್ವಲ್ಪ ಹೊತ್ತು ತೋಳು ಒಡ್ಡುತ್ತೇನೆ, ಸುಡುವಷ್ಟಲ್ಲ. ಸುಟ್ಟರೆ ಅದೂ ಗಾಯವೇ. ಜಮಾಖರ್ಚಿನ ಪುಸ್ತಕದ ಹಿಂದಿನ ಪುಟದಲ್ಲಿ ಕೆರಳಿದ ದಿನ, ಅದಕ್ಕೆ ಮೂರು ವಾರ ಮುಂಚೆ ಆದದ್ದು ಬರೆದಿಡುತ್ತೇನೆ.

ಆಹಾರದ ವಿಷಯಕ್ಕೂ ಅದೇ ಪುಸ್ತಕ ಸಾಕು. ಬದನೆಕಾಯಿಯ ಮೇಲೆ ನಿಮಗೆ ಅನುಮಾನವಿದ್ದರೆ ಒಂದು ತಿಂಗಳು ಬಿಡಿ, ಆಮೇಲೆ ತಿಂದು ನೋಡಿ, ಎರಡನ್ನೂ ಬರೆದಿಡಿ. ಅವರೆಕಾಯಿಯ ಪರೀಕ್ಷೆಯನ್ನು ನಾನು ಚಳಿಗಾಲದಲ್ಲಿ ಮಾಡಲಿಲ್ಲ. ಆಷಾಢದಲ್ಲಿ ಕಾಲವಲ್ಲದ ಕಾಲದ ಕಾಯಿ ಮಾರುಕಟ್ಟೆಗೆ ಬಂದಾಗ ಎರಡು ಕಿಲೋ ತಂದು ವಾರವಿಡೀ ತಿಂದೆ. ಸೊಗಡಿರಲಿಲ್ಲ, ರುಚಿಯೂ ಅಷ್ಟಕ್ಕಷ್ಟೇ. ಮೊಣಕೈ ಮಾತ್ರ ತೆಪ್ಪಗಿತ್ತು.