ಪೀಪಾಯಿ ಹಲಗೆ ನೇರ ಮಾಡಬೇಡಿ

ಹಳೆಯ ವಿಸ್ಕಿ ಪೀಪಾಯಿಯ ಬಾಗಿದ ಓಕ್ ಹಲಗೆಗಳನ್ನು ನೇರ ಮಾಡಿ ಉಡುಪಿಯ ಮನೆಗೆ ಟೀಪಾಯಿ ಮಾಡಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ನೇರ ಮಾಡಬೇಡಿ. ಆ ಬಾಗೇ ಅದರ ಚೆಂದ. ಅದನ್ನು ಕಾಲಿಗೆ ಬಳಸಿ. ಮೇಲ್ಭಾಗಕ್ಕೆ ಪೀಪಾಯಿಯ ಮುಚ್ಚಳದ ಚಪ್ಪಟೆ ಹಲಗೆ ಇದೆ ಅಲ್ವಾ, ಅದು ಸಾಕು.

ಕಬ್ಬಿಣದ ಪಟ್ಟಿ ಬಿಚ್ಚುವ ಮೊದಲು ಹಲಗೆಗಳಿಗೆ ಸೀಮೆಸುಣ್ಣದಲ್ಲಿ ನಂಬರ್ ಹಾಕಿ. ಎಲ್ಲದರ ಅಗಲ ಒಂದೇ ಇರುವುದಿಲ್ಲ.

ಸ್ಕ್ರೂ ವಿಷಯದಲ್ಲಿ ಮಾತ್ರ ತುಂಬಾ ಜಾಗ್ರತೆ. ಓಕ್‌ನಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಜಾಸ್ತಿ. ತೇವದ ಜೊತೆ ಕಬ್ಬಿಣ ತಾಗಿದರೆ ಮರಕ್ಕೆ ನೀಲಿಗಪ್ಪು ಕಲೆ ಹಿಡಿಯುತ್ತದೆ. ನಮ್ಮ ಕರಾವಳಿ ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ಒಳಗಿನ ಸುಟ್ಟ ಕಪ್ಪು ಪದರವನ್ನು ಕೈ ತಾಗುವ ಕಡೆ ಕೆರೆದು ತೆಗೆಯಿರಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಅಂಟು ಹಾಕಬೇಡಿ, ಡಿಸೆಂಬರ್‌ವರೆಗೆ ಕಾಯಿರಿ.