ಹುಬ್ಬಳ್ಳಿಯ ಉಣಕಲ್ ಕೆರೆಯ ಗಂಡು ಮೀನಿನಲ್ಲಿ ವಿಟೆಲೊಜೆನಿನ್ ನೋಡಬೇಕು, ಯಾವ ಎಲೈಸಾ ಕಿಟ್ (ಪ್ರತಿಕಾಯದಿಂದ ಪ್ರೋಟೀನು ಹಿಡಿದು ಅಳೆಯುವಂಥದ್ದು) ಕೊಳ್ಳಲಿ? ಏರಿದ್ದರೆ ಯಾವ ಕಾರ್ಖಾನೆಯ ತಪ್ಪು?

ಕಿಟ್ ಆಮೇಲೆ, ಮೊದಲು ಸಿರಿಂಜ್ ಪೆಟ್ಟಿಗೆ ತಗೊಳ್ರಿ. ಧಾರವಾಡದಲ್ಲಿ ಸಾಮಾನ್ಯ ಗೆಂಡೆ ಇಟ್ಟುಕೊಂಡು ನಾನೂ ಕಿಟ್ ವಿಚಾರಿಸುತ್ತಲೇ ಈ ಕೆಲಸ ಶುರು ಮಾಡಿದ್ದೆ. ಕಿಟ್ ಸರಿಯಿತ್ತು, ಕೆಡಿಸಿದ್ದು ರಕ್ತ.

ಒಂದೇ ಸಿರಿಂಜನ್ನು ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು) ಬೆರೆಸಿದ ಸಲೈನಿನಲ್ಲಿ ಎರಡು ಸಲ ಎಳೆದು ಬಿಟ್ಟು ಮುಂದಿನ ಮೀನಿಗೆ ಚುಚ್ಚುತ್ತಿದ್ದೆ. ಗಂಡು, ಹೆಣ್ಣು ಕೈಗೆ ಸಿಕ್ಕ ಸರದಿಯಲ್ಲಿ. ವಿಟೆಲೊಜೆನಿನ್ ಮೊಟ್ಟೆಯ ಹಳದಿಗೆ ಬೇಕಾದ ಕಚ್ಚಾ ಪ್ರೋಟೀನು, ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ತಾಗಿದರೆ ಯಕೃತ್ತು ಅದನ್ನು ಮಾಡಿ ರಕ್ತಕ್ಕೆ ಬಿಡುತ್ತದೆ. ಗಂಡಿನಲ್ಲಿ ಅದು ಏರಿದ್ದರೆ ನೀರಿನಲ್ಲಿ ಈಸ್ಟ್ರೋಜನ್‌ನಂಥದ್ದು ಇದೆ ಎಂಬ ಸುಳಿವು. ಮೊಟ್ಟೆ ಕಟ್ಟಿದ ಹೆಣ್ಣಿನ ಪ್ಲಾಸ್ಮಾದಲ್ಲಿ ಮಿಲಿಲೀಟರಿಗೆ 10 ಮಿಲಿಗ್ರಾಂ ಇದ್ದೀತು; ಗಂಡಿನದು ನ್ಯಾನೋಗ್ರಾಂ ಲೆಕ್ಕ. ಸೂಜಿಯ ಬುಡದಲ್ಲಿ ಹೆಣ್ಣಿನ ಪ್ಲಾಸ್ಮಾ 1 ಮೈಕ್ರೋಲೀಟರ್ ಉಳಿಯಿತು ಅನ್ನಿ, ಅದರಲ್ಲಿ 10 ಮೈಕ್ರೋಗ್ರಾಂ. ಗಂಡಿನ 1 ಮಿಲಿ ಪ್ಲಾಸ್ಮಾದಲ್ಲಿ ಕಲೆತರೆ 10,000 ನ್ಯಾನೋಗ್ರಾಂ! ಕೆರೆ ನೀರು ಕಂಡೇ ಇರದ, ಬೋರ್‌ವೆಲ್ ತೊಟ್ಟಿಯ ಗಂಡುಗಳೂ ಏರಿ ಬಂದವು. ದಾಖಲೆ ಪುಸ್ತಕ ತೆಗೆದು ನೋಡಿದರೆ, ಏರಿದ್ದೆಲ್ಲ ಹೆಣ್ಣಾದ ಕೂಡಲೇ ಚುಚ್ಚಿಸಿಕೊಂಡವು. ಒಂದು ಹಂಗಾಮಿನ ಮಾದರಿ ಅಷ್ಟೂ ಹೋಯಿತು.

ಹಾಗಾಗಿ ಮೀನಿಗೊಂದು ಹೊಸ ಸಿರಿಂಜ್, ಗಂಡಿನದು ಮೊದಲು. ಹೊಟ್ಟೆ ಮೆಲ್ಲಗೆ ಒತ್ತಿ ಹಾಲಿನಂಥದ್ದು ಬಂದರೆ ಗಂಡು. ಕೊನೆಗೆ ಕೊಯ್ದು ಖಾತ್ರಿ ಮಾಡಿಕೊಳ್ಳಿ. ಎಲೈಸಾ ಪ್ಲೇಟಿನಲ್ಲೂ ಹೆಣ್ಣಿನದನ್ನು ಬೇರೆಯೇ ಇಡಿ. ಗಂಡಿನ ಪ್ಲಾಸ್ಮಾ 50 ಪಟ್ಟು ತೆಳುಮಾಡಿದರೆ ಸಾಕಾಗಬಹುದು, ಹೆಣ್ಣಿನದಕ್ಕೆ ಲಕ್ಷ ಪಟ್ಟೂ ಬೇಕಾದೀತು.

ಇನ್ನೊಂದು, ಈ ಪ್ರೋಟೀನು ಬೇಗ ಒಡೆಯುತ್ತದೆ. ಟ್ಯೂಬಿನಲ್ಲಿ ಮೊದಲೇ ಪ್ರೋಟೀನು ಒಡೆಯುವ ಕಿಣ್ವಗಳನ್ನು ತಡೆಯುವ ಅಪ್ರೋಟಿನಿನ್ ಹಾಕಿ, ರಕ್ತವನ್ನು ಮಂಜುಗಡ್ಡೆಯಲ್ಲಿಡಿ, 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್ ಮಾಡಿ, ಪ್ಲಾಸ್ಮಾ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ಕ್ಕೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಕಿಟ್ ಗೆಂಡೆಯದೇ ಇರಲಿ. ತಿಲಾಪಿಯಾ ಬೇರೆ ಕುಟುಂಬದ್ದು, ಗೆಂಡೆ ಕಿಟ್ಟಿನ ಪ್ರತಿಕಾಯ ಅದರ ಪ್ರೋಟೀನನ್ನು ನಂಬುವಂತೆ ಹಿಡಿಯುವುದಿಲ್ಲ.

ಆದರೆ ಬಲೆ ಬೀಸಿ ಹಿಡಿದ ಕೆರೆಯ ಮೀನೇ ಬೇಡ ಅನ್ನುತ್ತೇನೆ. ಗಂಡಿಗೆ ಅಂಡಾಶಯವಿಲ್ಲ, ಬಂದ ಪ್ರೋಟೀನು ಹೀರುವ ಜಾಗವಿಲ್ಲ, ವಾರಗಟ್ಟಲೆ ರಕ್ತದಲ್ಲೇ ಸುತ್ತುತ್ತದೆ. ಎಲ್ಲಿ, ಯಾವಾಗ ತಾಗಿತೆಂದು ಹೇಳುವುದು ಹೇಗೆ? ಬ್ರಿಟನ್ನಿನಲ್ಲಿ ಶುದ್ಧೀಕರಿಸಿ ಬಿಟ್ಟ ಚರಂಡಿ ನೀರಿಗೆ ಟ್ರೌಟ್ ಪಂಜರ ಇಳಿಸಿ ನೋಡಿದ ಕೆಲಸ 1994ರಲ್ಲಿ ಪ್ರಕಟವಾಯಿತು. ಆ ದಾರಿ ಹಿಡಿಯಿರಿ. ಒಂದೇ ಮರಿಹಿಂಡಿನ ಗಂಡು, ಒಂದೇ ಆಹಾರ (ಸೋಯಾ ಹಿಂಡಿಯಲ್ಲೂ ಈಸ್ಟ್ರೋಜನ್ ಗುಣವಿದೆ), 21 ದಿನ, ಜೊತೆಗೆ ಬೋರ್‌ವೆಲ್ ನೀರಿನದೊಂದು ಗುಂಪು, ಎಸ್ಟ್ರಾಡಿಯೋಲ್ (ಅದೂ ಈಸ್ಟ್ರೋಜನ್ನೇ) ಚುಚ್ಚಿದ್ದೊಂದು ಗುಂಪು. ಪ್ರಾಣಿ ನೈತಿಕ ಸಮಿತಿಯ ಅನುಮತಿ ಮೊದಲೇ ಪಡೆಯಿರಿ.

‘ಯಾವ ಕಾರ್ಖಾನೆಯ ತಪ್ಪು’ ಎಂದೂ ಕೇಳಿದ್ದೀರಿ. ಅದನ್ನು ವಿಟೆಲೊಜೆನಿನ್ ಹೇಳುವುದಿಲ್ಲ. ಮನೆಗಳ ಮೂತ್ರದ ಹಾರ್ಮೋನು, ಗರ್ಭನಿರೋಧಕ ಗುಳಿಗೆಯದು, ಮಾರ್ಜಕದ ನೊನೈಲ್‌ಫಿನಾಲ್, ಯಕೃತ್ತಿಗೆ ಎಲ್ಲವೂ ಒಂದೇ. ಬೇರ್ಪಡಿಸಲು ನೀರನ್ನೇ ಮಾಸ್ ಸ್ಪೆಕ್ಟ್ರೋಮೀಟರಿಗೆ (ಅಣುಗಳನ್ನು ತೂಕದಿಂದ ಗುರುತಿಸುವ ಯಂತ್ರ) ಕೊಡಬೇಕು.

ಪಂಜರ ಇಳಿಸುವ ಮೊದಲು ಬೆಳಗಿನ ಜಾವ ನೀರಿನ ಆಮ್ಲಜನಕ ಅಳೆಯಿರಿ. ರಾತ್ರಿಯಿಡೀ ಪಾಚಿ, ಅಂತರಗಂಗೆ ಎಲ್ಲ ಉಸಿರಾಡಿ ಅದು ತೀರಾ ಇಳಿದಿರುವುದು ಆಗಲೇ.